ಕಂಪನಿ ಸ್ಪಾನ್ಸರ್‌ಶಿಪ್‌ನಿಂದ ಆಸ್ಟ್ರೇಲಿಯಾ ಪಿಆರ್: ಆಫರ್ ಲೆಟರ್‌ನಿಂದಲೇ ತಯಾರಿ ಶುರು ಮಾಡಿ

ಆಸ್ಟ್ರೇಲಿಯಾದ ಕಂಪನಿಯೊಂದು ಕೆಲಸ ಕೊಟ್ಟು, ವೀಸಾ ಕೂಡ ನಾವೇ ಮಾಡಿಸುತ್ತೇವೆ ಅಂದರೆ ಯಾರಿಗಾದರೂ ಖುಷಿಯಾಗುತ್ತದೆ. ಆದರೆ ಕೆಲಸದ ವೀಸಾ ಬೇರೆ, ಪಿಆರ್ ಅಂದರೆ ಕಾಯಂ ಆಗಿ ನೆಲೆಸುವ ಹಕ್ಕು ಬೇರೆ. ಮೊದಲನೆಯದನ್ನು ಕೊಡಿಸಿದ ಕಂಪನಿ ಎರಡನೆಯದನ್ನೂ ಕೊಡಿಸಲೇಬೇಕು ಎಂಬ ಕಾನೂನು ಇಲ್ಲ. ಅಲ್ಲಿ ಹೋಗಿ ನೆಲೆಸಿ, ಮಕ್ಕಳನ್ನು ಶಾಲೆಗೆ ಸೇರಿಸಿ, ವರ್ಷಗಟ್ಟಲೆ ದುಡಿದ ಮೇಲೆ ‘ನಮ್ಮಲ್ಲಿ ಪಿಆರ್‌ಗೆ ಸ್ಪಾನ್ಸರ್ ಮಾಡುವ ಪದ್ಧತಿ ಇಲ್ಲ’ ಎಂಬ ಉತ್ತರ ಬಂದರೆ ಇಡೀ ಮನೆ ಕುಸಿದುಹೋಗುತ್ತದೆ. ಅದಕ್ಕೇ ಈ ಮಾರ್ಗದರ್ಶಿಯನ್ನು ಆಫರ್ ಲೆಟರ್‌ನಿಂದಲೇ ಶುರು ಮಾಡುತ್ತಿದ್ದೇನೆ.

ಇಲ್ಲಿ ಕೊಟ್ಟಿರುವ ಸಂಬಳದ ಮಿತಿ ಮತ್ತು ವೀಸಾ ಶುಲ್ಕ 2025ರ ಜುಲೈ 1ರಿಂದ ಜಾರಿಗೆ ಬಂದವು. ಇವು ಸಾಮಾನ್ಯವಾಗಿ ಪ್ರತಿ ಜುಲೈ 1ಕ್ಕೆ ಏರುತ್ತವೆ. ಅರ್ಜಿ ಹಾಕುವ ದಿನ ವೀಸಾ ಕೊಡುವ ಹೋಮ್ ಅಫೇರ್ಸ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಮೊದಲು ದಾರಿ ಗೊತ್ತಿರಲಿ

ಕಂಪನಿಯ ಮೂಲಕ ಸಿಗುವ ಮುಖ್ಯ ಪಿಆರ್ ವೀಸಾದ ಹೆಸರು ಎಂಪ್ಲಾಯರ್ ನಾಮಿನೇಷನ್ ಸ್ಕೀಮ್. ಜನ ಇದನ್ನು ಸುಮ್ನೆ ‘186’ ಅಂತಾರೆ. 189, 190 ಎಂಬ ಪಾಯಿಂಟ್ಸ್ ವೀಸಾಗಳಲ್ಲಿ ಇರುವಂಥ ಪಾಯಿಂಟ್ಸ್ ಲೆಕ್ಕ ಇದಕ್ಕೆ ಇಲ್ಲ, ಇಲಾಖೆಯ ಇನ್ವಿಟೇಷನ್‌ಗೆ ಕಾಯುವುದೂ ಇಲ್ಲ. ಅದರ ಬದಲು ಕಂಪನಿ ನಿಮ್ಮ ಹೆಸರನ್ನು ಸೂಚಿಸಬೇಕು. ಇದಕ್ಕೆ ನಾಮಿನೇಷನ್ ಎನ್ನುತ್ತಾರೆ. ನಾಮಿನೇಷನ್ ಕಂಪನಿಯ ಅರ್ಜಿ, ವೀಸಾ ನಿಮ್ಮ ಅರ್ಜಿ. ಎರಡೂ ಪಾಸಾಗಬೇಕು.

186ರಲ್ಲಿ ಮೂರು ಸ್ಟ್ರೀಮ್‌ಗಳಿವೆ, ಅಂದರೆ ಮೂರು ದಾರಿಗಳು.

ಹೆಚ್ಚಿನವರು ಹೋಗುವುದು ಟೆಂಪರರಿ ರೆಸಿಡೆನ್ಸ್ ಟ್ರಾನ್ಸಿಷನ್ ಸ್ಟ್ರೀಮ್‌ನಲ್ಲಿ, ಅಂದರೆ ಟಿಆರ್‌ಟಿ. ಮೊದಲು 482 ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಹೋಗಿ, ಕಳೆದ 3 ವರ್ಷದಲ್ಲಿ ಕನಿಷ್ಠ 2 ವರ್ಷ ಫುಲ್ ಟೈಮ್ ಕೆಲಸ ಮಾಡಿದವರಿಗೆ ಇದು. ಮುಂಚೆ ಇದು 3 ವರ್ಷ ಇತ್ತು, 2023ರ ನವೆಂಬರ್‌ನಿಂದ 2ಕ್ಕೆ ಇಳಿಯಿತು.

ಎರಡನೆಯದು ಡೈರೆಕ್ಟ್ ಎಂಟ್ರಿ. 482 ಇಲ್ಲದೆ ನೇರವಾಗಿ ಪಿಆರ್. ಇದಕ್ಕೆ ನಿಮ್ಮ ಕೆಲಸ ಕೋರ್ ಸ್ಕಿಲ್ಸ್ ಆಕ್ಯುಪೇಷನ್ ಲಿಸ್ಟ್ ಎಂಬ ಸರ್ಕಾರಿ ಪಟ್ಟಿಯಲ್ಲಿ ಇರಬೇಕು, ನಿಮ್ಮ ಓದು ಮತ್ತು ಅನುಭವವನ್ನು ಅಳೆಯುವ ಸ್ಕಿಲ್ ಅಸೆಸ್‌ಮೆಂಟ್ ಪಾಸಾಗಿರಬೇಕು, ಆ ಕೆಲಸದಲ್ಲಿ ಕನಿಷ್ಠ 3 ವರ್ಷ ಅನುಭವ ಇರಬೇಕು. 2024ರ ಡಿಸೆಂಬರ್ 7ರಂದು ಬಂದ ಈ ಪಟ್ಟಿಯಲ್ಲಿ 456 ಕೆಲಸಗಳಿದ್ದವು. ಅರ್ಹತೆ ಇದ್ದರೆ ಇದು ಅತ್ಯುತ್ತಮ ದಾರಿ. ಆದರೆ ನಿಮ್ಮ ಕೆಲಸವನ್ನು ಕಣ್ಣಾರೆ ನೋಡದ ಕಂಪನಿ ಮೊದಲ ದಿನವೇ ಪಿಆರ್‌ಗೆ ನಾಮಿನೇಟ್ ಮಾಡಲು ಹಿಂಜರಿಯುತ್ತದೆ, ಅದು ಸಹಜ. ಈಗಾಗಲೇ 482ರಲ್ಲಿ ಇರುವವರು ಮಾತ್ರ ಇದನ್ನು ಮರೆಯಬಾರದು. ಸ್ಕಿಲ್ ಅಸೆಸ್‌ಮೆಂಟ್ ಮತ್ತು 3 ವರ್ಷದ ಅನುಭವ ಕೈಯಲ್ಲಿದ್ದರೆ ಟಿಆರ್‌ಟಿಯ 2 ವರ್ಷ ಕಾಯಲೇಬೇಕೆಂದಿಲ್ಲ. ಕಂಪನಿ ಒಪ್ಪಿದರೆ 6 ತಿಂಗಳಿಗೂ ಡೈರೆಕ್ಟ್ ಎಂಟ್ರಿ ಹಾಕಬಹುದು. ಎಷ್ಟೋ ಜನರಿಗೆ ಈ ವಿಷಯವೇ ಗೊತ್ತಿರುವುದಿಲ್ಲ.

ಮೂರನೆಯದು ಲೇಬರ್ ಅಗ್ರಿಮೆಂಟ್. ಕಂಪನಿ ಸರ್ಕಾರದ ಜೊತೆ ವಿಶೇಷ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಇದು ಅನ್ವಯಿಸುತ್ತದೆ. ನಿಯಮಗಳೆಲ್ಲ ಆ ಒಪ್ಪಂದದಲ್ಲೇ ಇರುತ್ತವೆ.

ಇದಲ್ಲದೆ ದೊಡ್ಡ ನಗರಗಳಿಂದ ಆಚೆ ಕೆಲಸ ಮಾಡುವವರಿಗೆ 494 ಎಂಬ ರೀಜನಲ್ ವೀಸಾ ಇದೆ. ಅದರಲ್ಲಿ 3 ವರ್ಷ ಕಳೆದ ಮೇಲೆ 191 ಎಂಬ ಪಿಆರ್ ವೀಸಾಗೆ ಅರ್ಜಿ ಹಾಕಬಹುದು. 191ಕ್ಕೆ ಕಂಪನಿಯ ನಾಮಿನೇಷನ್ ಬೇಕಿಲ್ಲ ಎನ್ನುವುದೇ ಅದರ ದೊಡ್ಡ ಅನುಕೂಲ. ಆದರೆ ಆ ಅವಧಿಯಲ್ಲಿ ರೀಜನಲ್ ಪ್ರದೇಶದಲ್ಲೇ ವಾಸ ಮಾಡಿ, ಅಲ್ಲೇ ಕೆಲಸ ಮಾಡಬೇಕು.

ಹಂತ 1: ನಿಮ್ಮ ಕೆಲಸದ ಕೋಡ್ ಹುಡುಕಿ

ಆಸ್ಟ್ರೇಲಿಯಾದಲ್ಲಿ ಪ್ರತಿ ಕೆಲಸಕ್ಕೂ ಆನ್ಝ್‌ಸ್ಕೋ ಎಂಬ ವ್ಯವಸ್ಥೆಯಲ್ಲಿ 6 ಅಂಕಿಯ ಕೋಡ್ ಇದೆ. ಸಾಫ್ಟ್‌ವೇರ್ ಎಂಜಿನಿಯರ್ 261313, ಡೆವಲಪರ್ ಪ್ರೋಗ್ರಾಮರ್ 261312. ಶೆಫ್ 351311, ಕುಕ್ 351411. ಹೆಸರು ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಆದರೆ ಇಲಾಖೆ ನೋಡುವುದು ವಿಸಿಟಿಂಗ್ ಕಾರ್ಡ್ ಮೇಲಿನ ಹುದ್ದೆಯನ್ನಲ್ಲ, ನೀವು ದಿನಾ ಮಾಡುವ ಕೆಲಸವನ್ನು. ಕೋಡ್‌ನ ಕೆಳಗೆ ಬರೆದಿರುವ ಕೆಲಸಗಳ ವಿವರ ಓದಿ. ನೀವು ಮಾಡುವುದರಲ್ಲಿ ಬಹುಪಾಲು ಅಲ್ಲಿ ಕಾಣಿಸಬೇಕು. ನಂತರ ಆ ಕೋಡ್ ಕೋರ್ ಸ್ಕಿಲ್ಸ್ ಪಟ್ಟಿಯಲ್ಲಿದೆಯೇ ನೋಡಿ.

ಸ್ಕಿಲ್ ಅಸೆಸ್‌ಮೆಂಟ್ ಮಾಡುವ ಸಂಸ್ಥೆಯೂ ಕೋಡ್ ಮೇಲೆ ನಿಂತಿದೆ. ಐಟಿಯವರಿಗೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಎಂಜಿನಿಯರ್‌ಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ನರ್ಸ್‌ಗಳಿಗೆ ಆನ್‌ಮ್ಯಾಕ್, ಎಲೆಕ್ಟ್ರಿಷಿಯನ್, ಶೆಫ್ ತರಹದ ಟ್ರೇಡ್ ಕೆಲಸಗಳಿಗೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ, ಇನ್ನೂ ಅನೇಕ ವೃತ್ತಿಗಳಿಗೆ ವೆಟಸೆಸ್. ನರ್ಸ್, ಡಾಕ್ಟರ್, ಫಿಸಿಯೋಥೆರಪಿಸ್ಟ್‌ಗಳು ಆರೋಗ್ಯ ವೃತ್ತಿಗಳನ್ನು ನೋಡಿಕೊಳ್ಳುವ ಆಪ್ರಾ ಎಂಬ ಸಂಸ್ಥೆಯ ಮೂಲಕ ನೋಂದಣಿಯನ್ನೂ ಮಾಡಿಸಬೇಕು. ಅದಿಲ್ಲದೆ ಕೆಲಸ ಮಾಡುವಂತಿಲ್ಲ.

ಐಟಿಯವರು ಒಂದು ವಿಷಯ ಗಮನಿಸಿ. ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ ನಿಮ್ಮ ಓದು ಕೆಲಸಕ್ಕೆ ಎಷ್ಟು ಹತ್ತಿರ ಅಂತ ನೋಡಿ, ಅನುಭವದಿಂದ ಕೆಲವು ವರ್ಷ ಕಳೆಯುತ್ತದೆ. ಐದು ವರ್ಷ ದುಡಿದವರಿಗೂ ಮೂರೇ ಲೆಕ್ಕಕ್ಕೆ ಸಿಗಬಹುದು. ಡೈರೆಕ್ಟ್ ಎಂಟ್ರಿಯ 3 ವರ್ಷದ ಲೆಕ್ಕ ಹಾಕುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಹಂತ 2: ಹಳೆ ಕಂಪನಿ ಬಿಡುವ ಮುಂಚೆ ಕಾಗದ ತೆಗೆದುಕೊಳ್ಳಿ

ಸಣ್ಣ ಕೆಲಸ ಅನ್ನಿಸುತ್ತದೆ. ಆದರೆ ಅರ್ಜಿ ಹಾಕುವ ಹೊತ್ತಿಗೆ ಎಲ್ಲಕ್ಕಿಂತ ಜಾಸ್ತಿ ಓಡಾಡಿಸುವುದು ಇದೇ. ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ ‘ಇವರು ನಮ್ಮಲ್ಲಿ ಇಂತಿಂಥ ದಿನಾಂಕದವರೆಗೆ ಕೆಲಸ ಮಾಡಿದ್ದಾರೆ, ನಡತೆ ಒಳ್ಳೆಯದು’ ಅಂತ ಇದ್ದರೆ ಸಾಲುವುದಿಲ್ಲ. ಕಂಪನಿಯ ಲೆಟರ್‌ಹೆಡ್, ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆ, ಫುಲ್ ಟೈಮ್ ಎನ್ನುವ ಮಾತು, ಮಾಡಿದ ಕೆಲಸಗಳ ವಿವರ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಇಷ್ಟೂ ಇರಬೇಕು. ಕೆಲಸಗಳ ವಿವರ ನಿಮ್ಮ ಮಾತಿನಲ್ಲಿ, ನೀವು ನಿಜಕ್ಕೂ ಮಾಡಿದ್ದಷ್ಟೇ ಇರಲಿ. ಆನ್ಝ್‌ಸ್ಕೋ ಸಾಲುಗಳನ್ನು ಹಾಗೇ ನಕಲು ಮಾಡಿದ ಪತ್ರ ನೋಡಿದರೆ ಅಧಿಕಾರಿಗಳಿಗೆ ತಕ್ಷಣ ಅನುಮಾನ ಬರುತ್ತದೆ.

ಕೆಲವು ಎಚ್‌ಆರ್ ವಿಭಾಗಗಳು ಕೆಲಸದ ವಿವರ ಬರೆದುಕೊಡುವುದೇ ಇಲ್ಲ. ಆಗ ನಿಮ್ಮ ಮ್ಯಾನೇಜರ್ ಅಥವಾ ಸೀನಿಯರ್ ಸಹೋದ್ಯೋಗಿಯಿಂದ ಅಫಿಡವಿಟ್ ಮಾಡಿಸುವುದು ಇನ್ನೊಂದು ದಾರಿ. ಯಾವ ರೂಪದಲ್ಲಿ ಇರಬೇಕು ಅಂತ ಆಯಾ ಅಸೆಸ್‌ಮೆಂಟ್ ಸಂಸ್ಥೆಯ ನಿಯಮ ಓದಿ. ಜೊತೆಗೆ ಪೇಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಕೂಡಿಡಿ. ಕಂಪನಿ ಬಿಟ್ಟು ಎರಡು ವರ್ಷವಾದ ಮೇಲೆ ಇವನ್ನೆಲ್ಲ ಕೇಳಿದರೆ ಉತ್ತರ ಕೊಡುವವರೇ ಇರುವುದಿಲ್ಲ. ಕಚೇರಿಯ ಇಮೇಲ್ ಮತ್ತು ಪೇರೋಲ್ ಪೋರ್ಟಲ್ ಲಾಗಿನ್ ಕೊನೆಯ ದಿನವೇ ಬಂದ್ ಆಗುತ್ತವೆ. ಅದಕ್ಕೆ ಮುಂಚೆಯೇ ಡೌನ್‌ಲೋಡ್ ಮಾಡಿ.

ಹಂತ 3: ಕಂಪನಿಯನ್ನು ಪರೀಕ್ಷಿಸಿ, ಪ್ರಶ್ನೆ ಕೇಳಿ

ಇದು ನನ್ನ ಪ್ರಕಾರ ಅತಿ ಮುಖ್ಯವಾದ ಹಂತ. ಪಾಯಿಂಟ್ಸ್ ವೀಸಾದಲ್ಲಿ ಎಲ್ಲ ನಿಮ್ಮ ಕೈಯಲ್ಲಿರುತ್ತದೆ. ಇಲ್ಲಿ ಅರ್ಧ ಕಂಪನಿಯ ಕೈಯಲ್ಲಿದೆ. ಕಂಪನಿ ಗಟ್ಟಿ ಇಲ್ಲದಿದ್ದರೆ ನೀವೆಷ್ಟೇ ಪ್ರತಿಭಾವಂತರಾದರೂ ಅರ್ಜಿ ನಿಲ್ಲುವುದಿಲ್ಲ.

ಮೊದಲು ಸುಲಭದ ತಪಾಸಣೆ. ಆಸ್ಟ್ರೇಲಿಯಾದ ಪ್ರತಿ ವ್ಯವಹಾರಕ್ಕೂ ಎಬಿಎನ್ ಎಂಬ ನಂಬರ್ ಇರುತ್ತದೆ. ‘ಎಬಿಎನ್ ಲುಕಪ್’ ಎಂಬ ಸರ್ಕಾರಿ ತಾಣದಲ್ಲಿ ಹಾಕಿದರೆ ಕಂಪನಿ ಯಾವಾಗ ನೋಂದಣಿಯಾಯಿತು, ಈಗ ಚಾಲ್ತಿಯಲ್ಲಿದೆಯೇ ಅಂತ ಉಚಿತವಾಗಿ ಗೊತ್ತಾಗುತ್ತದೆ. 482ಕ್ಕೆ ಕಂಪನಿ ಒಪ್ಪಿಗೆ ಪಡೆದ ಸ್ಪಾನ್ಸರ್ ಆಗಿರಬೇಕು. ಆ ಒಪ್ಪಿಗೆ ಸಾಮಾನ್ಯವಾಗಿ 5 ವರ್ಷಕ್ಕೆ ಇರುತ್ತದೆ. ಯಾವಾಗ ಮುಗಿಯುತ್ತದೆ ಎಂದು ಕೇಳಿ.

ನಂತರ ಎಚ್‌ಆರ್ ಜೊತೆ ಮಾತು. ಮೊದಲ ಪ್ರಶ್ನೆ ನೇರವಾಗಿರಲಿ: 186ಕ್ಕೆ ನಾಮಿನೇಟ್ ಮಾಡುತ್ತೀರಾ, ಯಾವ ಸ್ಟ್ರೀಮ್‌ನಲ್ಲಿ, ಕೆಲಸಕ್ಕೆ ಸೇರಿ ಎಷ್ಟು ಸಮಯದ ಮೇಲೆ? ಈ ಮೊದಲು ಯಾರಿಗಾದರೂ ಮಾಡಿದ್ದೀರಾ? ‘ಮುಂದೆ ನೋಡೋಣ’ ಎಂಬ ಉತ್ತರ ಬಂದರೆ ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಕೆಲಸ ಕೇಳುವವರು ಇಂಥದ್ದನ್ನೆಲ್ಲ ಕೇಳಿದರೆ ಆಫರ್ ಕೈತಪ್ಪುತ್ತದೇನೋ ಎಂಬ ಭಯ ಸಹಜ. ಆದರೆ ಆಸ್ಟ್ರೇಲಿಯಾದ ಕಂಪನಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಮರ್ಯಾದೆಯಿಂದ, ಸ್ಪಷ್ಟವಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಿಕ್ಕ ಉತ್ತರವನ್ನು ಆಫರ್ ಲೆಟರ್‌ನಲ್ಲಿ ಸೇರಿಸಲು ಕೇಳಿ. ಅದಾಗದಿದ್ದರೆ, ‘ನಾವು ಮಾತಾಡಿದ್ದು ಹೀಗೆ’ ಅಂತ ಒಂದು ಇಮೇಲ್ ಕಳಿಸಿ ಅವರಿಂದ ಉತ್ತರ ಪಡೆಯಿರಿ. ಇಮೇಲ್ ಇದ್ದ ಮಾತ್ರಕ್ಕೆ ಕಂಪನಿಯನ್ನು ಕಾನೂನಿನಿಂದ ಕಟ್ಟಿಹಾಕಲು ಆಗದಿರಬಹುದು. ಆದರೆ ನಾಳೆ ಮ್ಯಾನೇಜರ್ ಬದಲಾದಾಗ ಮಾತು ಎಲ್ಲಿಂದ ಶುರು ಮಾಡಬೇಕು ಎನ್ನುವುದಕ್ಕೆ ಒಂದು ನೆಲೆ ಇರುತ್ತದೆ.

ಎರಡನೆಯದು ಸಂಬಳ. 482ರಲ್ಲೂ ಸ್ಟ್ರೀಮ್‌ಗಳಿವೆ. ಕೋರ್ ಸ್ಕಿಲ್ಸ್ ಪಟ್ಟಿಯ ಕೆಲಸಗಳಿಗೆ ಇರುವ ಕೋರ್ ಸ್ಕಿಲ್ಸ್ ಸ್ಟ್ರೀಮ್‌ಗೆ ವರ್ಷಕ್ಕೆ ಕನಿಷ್ಠ 76,515 ಆಸ್ಟ್ರೇಲಿಯನ್ ಡಾಲರ್ ಸಂಬಳ ಇರಬೇಕು. ಹೆಚ್ಚು ಸಂಬಳದವರಿಗೆ ಇರುವ ಸ್ಪೆಷಲಿಸ್ಟ್ ಸ್ಕಿಲ್ಸ್ ಸ್ಟ್ರೀಮ್‌ಗೆ 1,41,210 ಡಾಲರ್. ಇದರಲ್ಲಿ ಸೂಪರ್ ಸೇರುವುದಿಲ್ಲ. ಸೂಪರ್ ಅಂದರೆ ನಿವೃತ್ತಿ ನಿಧಿಗೆ ಕಂಪನಿ ಕಟ್ಟುವ ಹಣ, ಈಗ ಸಂಬಳದ 12 ಶೇಕಡಾ. ‘ಒಟ್ಟು ಪ್ಯಾಕೇಜ್ 80,000’ ಅಂತ ಆಫರ್ ಬಂದು, ಅದರಲ್ಲಿ ಸೂಪರ್ ಕೂಡ ಸೇರಿದ್ದರೆ ಮೂಲ ಸಂಬಳ ಸುಮಾರು 71,400 ಆಗುತ್ತದೆ. ಮಿತಿಗಿಂತ ಕಡಿಮೆ! ನೋಡಲು ದೊಡ್ಡ ಮೊತ್ತ, ಆದರೆ ನಾಮಿನೇಷನ್‌ಗೆ ಸಾಲದು. ಮಿತಿ ದಾಟಿದರೂ ಅದೇ ಕೆಲಸ ಮಾಡುವ ಆಸ್ಟ್ರೇಲಿಯನ್ನರಿಗೆ ಸಿಗುವ ಸಂಬಳಕ್ಕಿಂತ ಕಡಿಮೆ ಕೊಡುವಂತಿಲ್ಲ.

ಮೂರನೆಯದು, ಖರ್ಚು ಯಾರದು? ಸ್ಪಾನ್ಸರ್‌ಶಿಪ್ ಮತ್ತು ನಾಮಿನೇಷನ್ ಶುಲ್ಕ, ಅದಕ್ಕಾಗಿ ಕಂಪನಿ ಹಿಡಿದ ಏಜೆಂಟರ ಫೀಸು, ತರಬೇತಿ ಲೆವಿ, ಇವೆಲ್ಲ ಕಂಪನಿಯ ಖರ್ಚು. ಈ ಲೆವಿಯನ್ನು ಎಸ್‌ಎಎಫ್ ಲೆವಿ ಎನ್ನುತ್ತಾರೆ. 482ಕ್ಕೆ ಸಣ್ಣ ಕಂಪನಿಯಾದರೆ ವರ್ಷಕ್ಕೆ 1,200 ಡಾಲರ್, ವಾರ್ಷಿಕ ವಹಿವಾಟು 1 ಕೋಟಿ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,800. 186ಕ್ಕೆ ಒಂದೇ ಸಲ 3,000 ಅಥವಾ 5,000 ಡಾಲರ್. ಇದನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ, ಕಂತಿನಲ್ಲಿ ಸಂಬಳದಿಂದ ಹಿಡಿಯುವಂತಿಲ್ಲ, ‘ಎರಡು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು’ ಎಂಬ ಷರತ್ತನ್ನೂ ಹಾಕುವಂತಿಲ್ಲ. ನಿಮ್ಮ ಸ್ವಂತ ವೀಸಾ ಅರ್ಜಿಯ ಶುಲ್ಕ ಮಾತ್ರ ಬೇರೆ. ಅದನ್ನು ನೀವೇ ಕೊಡಬಹುದು, ಕಂಪನಿಯೂ ಕೊಡಬಹುದು.

ಸ್ಪಾನ್ಸರ್‌ಶಿಪ್‌ಗೆ ದುಡ್ಡು ಕೊಡಬೇಡಿ

ಇದನ್ನು ಬೇರೆಯಾಗಿಯೇ ಹೇಳಬೇಕು. ‘ಇಷ್ಟು ಲಕ್ಷ ಕೊಟ್ಟರೆ ಸ್ಪಾನ್ಸರ್ ಮಾಡಿಸುತ್ತೇವೆ’ ಎನ್ನುವವರು ಇದ್ದಾರೆ. ಸಂಬಳ ಬ್ಯಾಂಕಿಗೆ ಪೂರ್ತಿ ಹಾಕಿ, ಅರ್ಧ ನಗದಾಗಿ ವಾಪಸ್ ಕೇಳುವ ಮಾಲೀಕರೂ ಇದ್ದಾರೆ. 2015ರ ಡಿಸೆಂಬರ್ 14ರಿಂದ ಆಸ್ಟ್ರೇಲಿಯಾದಲ್ಲಿ ಸ್ಪಾನ್ಸರ್‌ಶಿಪ್‌ಗೆ ಪ್ರತಿಯಾಗಿ ಹಣ ಅಥವಾ ಬೇರೆ ಲಾಭ ಕೇಳುವುದೂ, ಪಡೆಯುವುದೂ ಅಪರಾಧ. ಕೊಡುವುದು, ಕೊಡುತ್ತೇನೆ ಎನ್ನುವುದು ಕೂಡ ಕಾನೂನಿಗೆ ವಿರುದ್ಧ. ಕೊಟ್ಟವರಿಗೆ ದಂಡ ಬೀಳಬಹುದು, ವೀಸಾ ರದ್ದಾಗಬಹುದು, ಸಿಕ್ಕಿದ ಪಿಆರ್ ಕೂಡ ಹೋಗಬಹುದು. ಮನೆಯವರ ಒಡವೆ ಅಡವಿಟ್ಟು ಇಂಥ ಬಲೆಗೆ ಬೀಳುವವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಬೇಡ.

ಸಹಾಯ ಬೇಕಿದ್ದರೆ ನೋಂದಾಯಿತ ಮೈಗ್ರೇಷನ್ ಏಜೆಂಟರನ್ನು ಹಿಡಿಯಿರಿ. ಅವರಿಗೆ 7 ಅಂಕಿಯ ಮಾರ್ನ್ ಸಂಖ್ಯೆ ಇರುತ್ತದೆ. ಒಮಾರಾ ಎಂಬ ಸರ್ಕಾರಿ ಕಚೇರಿಯ ತಾಣದಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ಆಸ್ಟ್ರೇಲಿಯಾದ ವಕೀಲರೂ ಈ ಸಲಹೆ ಕೊಡಬಹುದು. ಇನ್ನೊಂದು ಮಾತು. ಕಂಪನಿ ನೇಮಿಸಿದ ಏಜೆಂಟರು ಎರಡೂ ಕಡೆಯ ಅರ್ಜಿ ನೋಡಿಕೊಳ್ಳುತ್ತಾರೆ, ಅದು ಮಾಮೂಲು. ಆದರೆ ಕೆಲಸ ಬಿಡುವ ಯೋಚನೆ, ಸಂಬಳದ ತಕರಾರು ಇಂಥ ವಿಷಯಕ್ಕೆ ನಿಮ್ಮದೇ ಬೇರೆ ಸಲಹೆಗಾರರ ಬಳಿ ಒಂದು ಸಲ ಮಾತಾಡಿದರೆ ಒಳ್ಳೆಯದು.

ಹಂತ 4: 482ರಲ್ಲಿ ಹೋಗುವುದು

2024ರ ಡಿಸೆಂಬರ್ 7ರಿಂದ ಈ ವೀಸಾದ ಹೆಸರು ಸ್ಕಿಲ್ಸ್ ಇನ್ ಡಿಮ್ಯಾಂಡ್. ನಂಬರ್ ಮಾತ್ರ ಹಳೆಯದೇ. 4 ವರ್ಷದವರೆಗೆ ಸಿಗುತ್ತದೆ. ಕಳೆದ 5 ವರ್ಷದಲ್ಲಿ ಆ ಕೆಲಸದಲ್ಲಿ 1 ವರ್ಷದ ಅನುಭವ ಇದ್ದರೆ ಸಾಕು, ಮುಂಚೆ 2 ವರ್ಷ ಕೇಳುತ್ತಿದ್ದರು. ಗಂಡ ಅಥವಾ ಹೆಂಡತಿ ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದು, ಓದಬಹುದು. ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್ ಭಾರತೀಯರಿಗೆ ಈ ವೀಸಾದಲ್ಲಿ ಸಿಗುವುದಿಲ್ಲ. ಖಾಸಗಿ ಆರೋಗ್ಯ ವಿಮೆ ತೆಗೆದುಕೊಳ್ಳಲೇಬೇಕು, ಕುಟುಂಬ ಇದ್ದರೆ ಅದು ಒಳ್ಳೆಯ ಮೊತ್ತವೇ ಆಗುತ್ತದೆ.

ಸ್ಪಾನ್ಸರ್ ಮಾಡಿದ ಕಂಪನಿಗೆ, ನಾಮಿನೇಷನ್‌ನಲ್ಲಿ ಹೇಳಿದ ಕೆಲಸವನ್ನೇ ಮಾಡಬೇಕು. ಅಲ್ಲಿಗೆ ತಲುಪಿದ 90 ದಿನದೊಳಗೆ ಕೆಲಸ ಶುರು ಮಾಡಬೇಕು.

ಹಂತ 5: ಆ ಎರಡು ವರ್ಷ

ಟಿಆರ್‌ಟಿಗೆ ಬೇಕಾದ 2 ವರ್ಷ ಸುಮ್ನೆ ಕ್ಯಾಲೆಂಡರ್ ತಿರುಗಿದರೆ ಮುಗಿಯುವುದಲ್ಲ. ಫುಲ್ ಟೈಮ್ ಕೆಲಸವೇ ಆಗಿರಬೇಕು. ಸಂಬಳವಿಲ್ಲದ ರಜೆ ಲೆಕ್ಕಕ್ಕೆ ಬರುವುದಿಲ್ಲ. ಕೆಲಸವನ್ನು ಆಸ್ಟ್ರೇಲಿಯಾದಲ್ಲೇ ಮಾಡಿರಬೇಕು. ಊರಿಗೆ ಬಂದು ಮೂರು ತಿಂಗಳು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿದರೆ ಆ ಅವಧಿಯ ಬಗ್ಗೆ ಪ್ರಶ್ನೆ ಏಳುತ್ತದೆ. ಊರಿಗೆ ಬರಲೇಬೇಕಾದರೆ ಸಂಬಳ ಸಹಿತ ರಜೆ ಬಳಸಿ.

ಪ್ರಮೋಷನ್ ಬಂದಾಗ ಹುಷಾರು. ಡೆವಲಪರ್ ಆಗಿದ್ದವರು ಮ್ಯಾನೇಜರ್ ಆದರೆ ಕೋಡ್ ಬದಲಾಗಬಹುದು. ಬೇರೆ ಕೋಡ್‌ನ ಕೆಲಸಕ್ಕೆ ಹೊಸ ನಾಮಿನೇಷನ್ ಬೇಕು. ಇಲ್ಲದಿದ್ದರೆ ವೀಸಾ ಷರತ್ತು ಮುರಿದಂತೆ. ಪಿಆರ್‌ಗೆ ಕೂಡ ಸಾಮಾನ್ಯವಾಗಿ ಕೋಡ್‌ನ ಮೊದಲ 4 ಅಂಕಿ ಅದೇ ಇರಬೇಕು. ಹುದ್ದೆಯ ಹೊಸ ಹೆಸರಿಗೆ ಹೂಂ ಅನ್ನುವ ಮುಂಚೆ ಎಚ್‌ಆರ್‌ಗೆ ಒಂದು ಮಾತು ಕೇಳಿ.

ಕಂಪನಿ ಬದಲಿಸಬಹುದೇ? ಬದಲಿಸಬಹುದು, ಮತ್ತು ಈಗಿನ ನಿಯಮ ಮುಂಚಿಗಿಂತ ಎಷ್ಟೋ ಮೇಲು. ಹಿಂದೆ ಕಂಪನಿ ಬದಲಿಸಿದರೆ ಪಿಆರ್ ಲೆಕ್ಕ ಸೊನ್ನೆಯಿಂದ ಶುರುವಾಗುತ್ತಿತ್ತು. ಅದೇ ಭಯದಲ್ಲಿ ಎಷ್ಟೋ ಜನ ಕೆಟ್ಟ ಮಾಲೀಕರನ್ನೂ ಸಹಿಸಿಕೊಂಡು ಇರುತ್ತಿದ್ದರು. 2024ರ ಡಿಸೆಂಬರ್ 7ರಿಂದ ಬೇರೆ ಬೇರೆ ಒಪ್ಪಿಗೆ ಪಡೆದ ಸ್ಪಾನ್ಸರ್‌ಗಳ ಬಳಿ ಮಾಡಿದ ಕೆಲಸವನ್ನೂ ಕೂಡಿಸಬಹುದು. ಆದರೆ ಹೊಸ ಕಂಪನಿಯ 482 ನಾಮಿನೇಷನ್ ಪಾಸಾಗುವವರೆಗೆ ಹಳೆ ಕೆಲಸ ಬಿಡದೆ ಇರುವುದು ಕ್ಷೇಮ.

ಕೆಲಸವೇ ಹೋದರೆ? 2024ರ ಜುಲೈ 1ರಿಂದ ಒಂದು ಸಲಕ್ಕೆ 180 ದಿನ, ಇಡೀ ವೀಸಾ ಅವಧಿಯಲ್ಲಿ ಒಟ್ಟು 365 ದಿನ ಸಮಯ ಸಿಗುತ್ತದೆ. ಅಷ್ಟರಲ್ಲಿ ಹೊಸ ಸ್ಪಾನ್ಸರ್ ಹುಡುಕಬೇಕು ಅಥವಾ ಬೇರೆ ವೀಸಾ ಪಡೆಯಬೇಕು. ಹಿಂದೆ ಇದು ಬರೀ 60 ದಿನ ಇತ್ತು. ಈ ಸಮಯದಲ್ಲಿ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಲೂ ಅವಕಾಶವಿದೆ. ಆ ದಿನಗಳು ಪಿಆರ್ ಲೆಕ್ಕಕ್ಕೆ ಬರುತ್ತವೆ ಅಂತ ಮಾತ್ರ ಎಣಿಸಬೇಡಿ.

ಪೇಸ್ಲಿಪ್‌ಗಳು, ಟ್ಯಾಕ್ಸ್ ಇಲಾಖೆಯ ಇನ್‌ಕಮ್ ಸ್ಟೇಟ್‌ಮೆಂಟ್, ಸೂಪರ್ ಸ್ಟೇಟ್‌ಮೆಂಟ್, ಸಂಬಳ ಏರಿಕೆಯ ಪತ್ರ, ಇವನ್ನು ಪ್ರತಿ ತಿಂಗಳು ನಿಮ್ಮ ಸ್ವಂತ ಡ್ರೈವ್‌ಗೆ ಹಾಕಿಕೊಳ್ಳುವ ರೂಢಿ ಮಾಡಿ. ಹೇಳಿದ ಸಂಬಳ ಬರುತ್ತಿಲ್ಲ, ಜಾಸ್ತಿ ಹೊತ್ತು ದುಡಿಸುತ್ತಿದ್ದಾರೆ ಅಂತಾದರೆ ಫೇರ್ ವರ್ಕ್ ಓಂಬುಡ್ಸ್‌ಮನ್ ಎಂಬ ಸಂಸ್ಥೆಗೆ ದೂರು ಕೊಡಬಹುದು. ತಾತ್ಕಾಲಿಕ ವೀಸಾದವರಿಗೂ ಆಸ್ಟ್ರೇಲಿಯನ್ನರಿಗೆ ಇರುವ ಕೆಲಸದ ಹಕ್ಕುಗಳೇ ಇವೆ. ‘ವೀಸಾ ಕ್ಯಾನ್ಸಲ್ ಮಾಡಿಸುತ್ತೇನೆ’ ಎಂದು ಮಾಲೀಕರು ಹೆದರಿಸಿದರೆ ನಂಬಬೇಡಿ. ವೀಸಾ ರದ್ದು ಮಾಡುವ ಅಧಿಕಾರ ಇಲಾಖೆಗೆ ಮಾತ್ರ ಇದೆ.

ಹಂತ 6: ವಯಸ್ಸು ಮತ್ತು ಇಂಗ್ಲಿಷ್

ಡೈರೆಕ್ಟ್ ಎಂಟ್ರಿ, ಟಿಆರ್‌ಟಿ ಎರಡಕ್ಕೂ ಅರ್ಜಿ ಹಾಕುವ ದಿನ ನಿಮಗೆ 45 ತುಂಬಿರಬಾರದು. ಸಂಶೋಧಕರು, ವಿಶ್ವವಿದ್ಯಾಲಯದ ಅಧ್ಯಾಪಕರು, ರೀಜನಲ್ ಪ್ರದೇಶದ ಡಾಕ್ಟರ್‌ಗಳು ಇಂಥ ಕೆಲವರಿಗೆ ಮಾತ್ರ ವಿನಾಯಿತಿ. ಈಗ 42 ಆಗಿದ್ದರೆ ಟಿಆರ್‌ಟಿಯ 2 ವರ್ಷ ಮುಗಿಸಿ ಅರ್ಜಿ ಹಾಕಲು ಉಳಿಯುವ ಸಮಯ ತೀರಾ ಕಡಿಮೆ. ನಡುವೆ ಕೆಲವು ತಿಂಗಳು ಕೆಲಸ ಇಲ್ಲದೆ ಹೋದರೂ ಮಿತಿ ದಾಟಿಹೋಗಬಹುದು. ಅಂಥವರು ಮೊದಲಿನಿಂದಲೇ ಡೈರೆಕ್ಟ್ ಎಂಟ್ರಿಗೆ ಒತ್ತು ಕೊಡಬೇಕು. ಸ್ಕಿಲ್ ಅಸೆಸ್‌ಮೆಂಟ್ ಮಾಡಿಸಿಯೇ ವಿಮಾನ ಹತ್ತಿ ಅಂತ ನಾನು ಹೇಳುತ್ತೇನೆ.

ಇಂಗ್ಲಿಷ್‌ನಲ್ಲಿ ‘ಕಾಂಪಿಟೆಂಟ್’ ಮಟ್ಟ ಬೇಕು. ಐಇಎಲ್‌ಟಿಎಸ್‌ನಲ್ಲಿ ನಾಲ್ಕೂ ವಿಭಾಗಕ್ಕೆ ಕನಿಷ್ಠ 6. ಪಿಟಿಇ ಕೂಡ ನಡೆಯುತ್ತದೆ. ಆದರೆ ಅದರ ಅಂಕಗಳ ನಿಯಮ 2025ರ ಆಗಸ್ಟ್ 7ರಿಂದ ಬದಲಾಗಿದೆ, ಈಗ ಪ್ರತಿ ವಿಭಾಗಕ್ಕೂ ಬೇರೆ ಬೇರೆ ಅಂಕ. ಪರೀಕ್ಷೆ ವೀಸಾ ಅರ್ಜಿಗೆ ಮುಂಚಿನ 3 ವರ್ಷದೊಳಗೆ ಬರೆದಿರಬೇಕು. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಬರೆದದ್ದು ನಡೆಯುವುದಿಲ್ಲ. ರೈಟಿಂಗ್‌ನಲ್ಲಿ ಅರ್ಧ ಅಂಕ ಕಡಿಮೆಯಾಗಿ ಮತ್ತೆ ಬರೆಯುವವರು ತುಂಬಾ ಜನ. ಹಾಗಾಗಿ ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ.

ಹಂತ 7: ನಾಮಿನೇಷನ್

ಇದು ಕಂಪನಿಯ ಕೆಲಸ. ಶುಲ್ಕ 540 ಡಾಲರ್, ಅದರ ಮೇಲೆ ಲೆವಿ. ಕಂಪನಿ ಕಾನೂನುಬದ್ಧವಾಗಿ ನಡೆಯುತ್ತಿದೆ, ಈ ಹುದ್ದೆ ನಿಜಕ್ಕೂ ಬೇಕಾಗಿದೆ, ಕನಿಷ್ಠ ಇನ್ನೂ 2 ವರ್ಷ ಫುಲ್ ಟೈಮ್ ಕೆಲಸ ಇರುತ್ತದೆ, ಸಂಬಳ ಕೊಡುವ ಶಕ್ತಿ ಇದೆ ಅಂತ ತೋರಿಸಬೇಕು. ದೊಡ್ಡ ಕಂಪನಿಗೆ ಇದು ಸುಲಭ. ಐದಾರು ಜನರ ಸಣ್ಣ ಕಂಪನಿ ಲೆಕ್ಕಪತ್ರ, ಟ್ಯಾಕ್ಸ್ ದಾಖಲೆ, ಸಿಬ್ಬಂದಿಯ ಪಟ್ಟಿ ಎಲ್ಲ ಕೊಟ್ಟು ಮನವರಿಕೆ ಮಾಡಿಸಬೇಕಾಗುತ್ತದೆ. ನೀವು ಸೇರಿದ ಮೇಲೆ ಸಣ್ಣ ಕಂಪನಿಯ ವ್ಯವಹಾರ ಇಳಿಯುತ್ತಿದ್ದರೆ ಬೇಗ ಮಾತಾಡಿ.

ನಾಮಿನೇಷನ್ ಹಾಕಿದ ಮೇಲೆ ವೀಸಾ ಅರ್ಜಿಯನ್ನು ಅದೇ ದಿನ ಹಾಕಬಹುದು, ನಾಮಿನೇಷನ್ ಪಾಸಾಗುವವರೆಗೆ ಕಾಯಲೂಬಹುದು. ಪಾಸಾದ ದಿನದಿಂದ 6 ತಿಂಗಳೊಳಗೆ ವೀಸಾ ಅರ್ಜಿ ಹಾಕಬೇಕು. ಯಾವುದು ಮೇಲು? ನಾಮಿನೇಷನ್ ತಿರಸ್ಕಾರವಾದರೆ ನಿಮ್ಮ ವೀಸಾ ಅರ್ಜಿಯೂ ನಿಲ್ಲುವುದಿಲ್ಲ, ಕಟ್ಟಿದ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. 482 ಇನ್ನೂ ಬೇಕಾದಷ್ಟು ಉಳಿದಿದೆ, ಕಂಪನಿ ಸಣ್ಣದು ಅಂತಾದರೆ ಕಾಯುವುದೇ ಒಳ್ಳೆಯದು. 45 ಹತ್ತಿರ ಬಂದಿದ್ದರೆ ಅಥವಾ ವೀಸಾ ಮುಗಿಯುತ್ತಿದ್ದರೆ ಎರಡೂ ಒಟ್ಟಿಗೆ ಹಾಕಿ.

ಹಂತ 8: ವೀಸಾ ಅರ್ಜಿ

ಇಮ್ಮಿಅಕೌಂಟ್ ಎಂಬ ಆನ್‌ಲೈನ್ ಖಾತೆಯಲ್ಲಿ ಅರ್ಜಿ ಹಾಕಬೇಕು. ಮುಖ್ಯ ಅರ್ಜಿದಾರರಿಗೆ 4,910 ಡಾಲರ್. ಗಂಡ ಅಥವಾ ಹೆಂಡತಿ ಮತ್ತು ಮಕ್ಕಳಿಗೆ ಬೇರೆ ಶುಲ್ಕ. 18 ದಾಟಿದ ಕುಟುಂಬದವರಿಗೆ ಕನಿಷ್ಠ ಇಂಗ್ಲಿಷ್ ಇದೆ ಅಂತ ತೋರಿಸದಿದ್ದರೆ ಎರಡನೇ ಕಂತಾಗಿ ಸಾವಿರಾರು ಡಾಲರ್ ಕಟ್ಟಬೇಕು. ಐಇಎಲ್‌ಟಿಎಸ್‌ನಲ್ಲಿ ಸರಾಸರಿ 4.5 ಬಂದರೆ ಸಾಕು, ಆ ಹಣ ಉಳಿಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಡಿಗ್ರಿ ಮಾಡಿದ್ದರೆ ಕಾಲೇಜಿನಿಂದ ಪತ್ರ ತಂದರೂ ನಡೆಯುತ್ತದೆ.

ಕಳೆದ 10 ವರ್ಷದಲ್ಲಿ ಒಟ್ಟು 12 ತಿಂಗಳು ಅಥವಾ ಜಾಸ್ತಿ ಇದ್ದ ಪ್ರತಿ ದೇಶದಿಂದಲೂ ಪೊಲೀಸ್ ಕ್ಲಿಯರೆನ್ಸ್ ಬೇಕು. ನಡುವೆ ದುಬೈ, ಸಿಂಗಪುರದಲ್ಲಿ ದುಡಿದವರು ಅಲ್ಲಿಂದಲೂ ತರಿಸಬೇಕು, ಇದಕ್ಕೆ ಸಮಯ ಹಿಡಿಯುತ್ತದೆ. ಮೆಡಿಕಲ್ ಪರೀಕ್ಷೆಯನ್ನು ಇಲಾಖೆ ಗೊತ್ತುಮಾಡಿದ ಡಾಕ್ಟರ್ ಬಳಿಯೇ ಮಾಡಿಸಬೇಕು. ಮನೆಯವರಲ್ಲಿ ಒಬ್ಬರು ಆರೋಗ್ಯದ ನಿಯಮದಲ್ಲಿ ಸೋತರೆ ಎಲ್ಲರ ಅರ್ಜಿಗೂ ತೊಂದರೆಯಾಗಬಹುದು. ಯಾರಿಗಾದರೂ ದೊಡ್ಡ ಕಾಯಿಲೆ ಅಥವಾ ಅಂಗವೈಕಲ್ಯ ಇದ್ದರೆ ಅರ್ಜಿ ಹಾಕುವ ಮುಂಚೆಯೇ ಒಳ್ಳೆಯ ವಕೀಲರನ್ನು ನೋಡಿ. ಮುಚ್ಚಿಡಬೇಡಿ.

ಮುಚ್ಚಿಡುವುದು, ಸುಳ್ಳು ದಾಖಲೆ ಕೊಡುವುದು ಎಷ್ಟು ಅಪಾಯ ಅಂದರೆ, ಸಿಕ್ಕಿಬಿದ್ದರೆ ಸಾಮಾನ್ಯವಾಗಿ 3 ವರ್ಷ ಬಹುತೇಕ ವೀಸಾಗಳ ಬಾಗಿಲು ಮುಚ್ಚುತ್ತದೆ. ಗುರುತಿನ ವಿಷಯದಲ್ಲಿ ಸುಳ್ಳಾದರೆ 10 ವರ್ಷ. ಹೆಸರಿನ ಸ್ಪೆಲಿಂಗ್, ಇನಿಷಿಯಲ್, ಮದುವೆಯ ನಂತರದ ಹೆಸರು ಬೇರೆ ಬೇರೆ ದಾಖಲೆಯಲ್ಲಿ ಬೇರೆ ಬೇರೆ ಇರುವುದು ನಮ್ಮಲ್ಲಿ ಮಾಮೂಲು. ಅದಕ್ಕೊಂದು ಅಫಿಡವಿಟ್ ಮಾಡಿಸಿ ಜೊತೆಗೇ ಹಾಕಿ. 482 ಅರ್ಜಿಯಲ್ಲಿ ಕೊಟ್ಟ ದಿನಾಂಕಗಳೂ ಈಗ ಕೊಡುವ ದಿನಾಂಕಗಳೂ ಹೊಂದುತ್ತವೆಯೇ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹಂತ 9: ಕಾಯುವ ಕಾಲ

ರೀಜನಲ್ ಪ್ರದೇಶದ ಕೆಲಸಗಳಿಗೆ, ಆರೋಗ್ಯ ಮತ್ತು ಶಿಕ್ಷಣ ಕ್ಷೇತ್ರದವರಿಗೆ ಆದ್ಯತೆ ಇದೆ. ಉಳಿದವರು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆಸ್ಟ್ರೇಲಿಯಾದೊಳಗಿಂದ ಅರ್ಜಿ ಹಾಕಿದರೆ, ತೀರ್ಮಾನ ಬರುವವರೆಗೆ ಅಲ್ಲೇ ಇರಲು ಬ್ರಿಡ್ಜಿಂಗ್ ವೀಸಾ ಎ ಸಿಗುತ್ತದೆ. 482 ಮುಗಿದ ಮೇಲೆ ಅದು ಜಾರಿಗೆ ಬರುತ್ತದೆ. ಅದರಲ್ಲಿ ದೇಶ ಬಿಟ್ಟರೆ ವಾಪಸ್ ಬರಲು ಆಗುವುದಿಲ್ಲ. ಊರಿಗೆ ಹೋಗಬೇಕಾದರೆ ಮೊದಲು ಬ್ರಿಡ್ಜಿಂಗ್ ವೀಸಾ ಬಿ ತೆಗೆದುಕೊಳ್ಳಿ. ಪಿಆರ್ ಅರ್ಜಿ ಹಾಕಿದ ಮೇಲೆ ಮೆಡಿಕೇರ್‌ಗೂ ಅರ್ಜಿ ಹಾಕಬಹುದು, ಇದನ್ನು ತಡಮಾಡಬೇಡಿ.

ಈ ಸಮಯದಲ್ಲಿ ಕೆಲಸ ಬಿಡಬೇಡಿ. 186 ಒಂದು ಕಂಪನಿಯ ಒಂದು ಹುದ್ದೆಗೆ ಅಂಟಿಕೊಂಡಿದೆ. ವೀಸಾ ಬರುವ ಮುಂಚೆ ಬಿಟ್ಟರೆ ಆ ನಾಮಿನೇಷನ್‌ಗೆ ಅರ್ಥವಿಲ್ಲ. ಹೊಸ ಕಂಪನಿಯಿಂದ ಹೊಸ ನಾಮಿನೇಷನ್, ಹೊಸ ವೀಸಾ ಅರ್ಜಿ, ಹೊಸ ಶುಲ್ಕ, ಎಲ್ಲ ಮೊದಲಿನಿಂದ. ಮಗು ಹುಟ್ಟಿದರೆ, ಪಾಸ್‌ಪೋರ್ಟ್ ಬದಲಾದರೆ, ವಿಳಾಸ ಬದಲಾದರೆ ಇಲಾಖೆಗೆ ತಿಳಿಸಿ.

ಪಿಆರ್ ಬಂದ ಮೇಲೆ

186 ಬಂದ ದಿನದಿಂದಲೇ ನೀವು ಕಾಯಂ ನಿವಾಸಿ. ಕಂಪನಿಯಲ್ಲಿ 2 ವರ್ಷ ಇರುತ್ತೀರಿ ಎಂಬ ನಂಬಿಕೆಯ ಮೇಲೆ ನಾಮಿನೇಷನ್ ಆಗಿರುತ್ತದೆ. ಹಾಗಾಗಿ ಮರುವಾರವೇ ರಾಜೀನಾಮೆ ಕೊಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತ ಸಹೋದ್ಯೋಗಿಗಳಿಗೂ ಅದರಿಂದ ಪೆಟ್ಟು ಬೀಳುತ್ತದೆ.

ಇರುವ ಹಕ್ಕಿಗೆ ಕೊನೆಯಿಲ್ಲ, ಆದರೆ ಹೊರದೇಶಕ್ಕೆ ಹೋಗಿ ಬರುವ ಹಕ್ಕು 5 ವರ್ಷಕ್ಕೆ ಮಾತ್ರ. ಆಮೇಲೂ ಓಡಾಡಬೇಕಾದರೆ ರೆಸಿಡೆಂಟ್ ರಿಟರ್ನ್ ವೀಸಾ ಬೇಕು. ಕಳೆದ 5 ವರ್ಷದಲ್ಲಿ 2 ವರ್ಷ ಆಸ್ಟ್ರೇಲಿಯಾದಲ್ಲಿ ಇದ್ದವರಿಗೆ ಅದು ಸುಲಭ. ಪೌರತ್ವಕ್ಕೆ 4 ವರ್ಷದ ಕಾನೂನುಬದ್ಧ ವಾಸ, ಅದರಲ್ಲಿ ಕೊನೆಯ 12 ತಿಂಗಳು ಪಿಆರ್ ಆಗಿ ಇರಬೇಕು. 482ರಲ್ಲಿ ಕಳೆದ ಕಾಲವೂ ಈ 4 ವರ್ಷಕ್ಕೆ ಸೇರುತ್ತದೆ. 4 ವರ್ಷದಲ್ಲಿ ಒಟ್ಟು 12 ತಿಂಗಳಿಗಿಂತ ಜಾಸ್ತಿ, ಕೊನೆಯ ವರ್ಷದಲ್ಲಿ 90 ದಿನಕ್ಕಿಂತ ಜಾಸ್ತಿ ಹೊರಗಿರಬಾರದು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಆಸ್ಟ್ರೇಲಿಯಾ ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಬೇಕಿದ್ದರೆ ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಳ್ಳಬಹುದು. ಊರಿನಲ್ಲಿ ಕೃಷಿ ಜಮೀನು ಇರುವವರು ಈ ತೀರ್ಮಾನಕ್ಕೆ ಮುಂಚೆ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ. ಒಸಿಐ ಇರುವವರು ಭಾರತದಲ್ಲಿ ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ.